ಮೇಯರ್ ಆದರೆ ಎಂಪಿ ಟಿಕೆಟ್ ಸಿಗುತ್ತಾ? ಬಳ್ಳಾರಿಯ ಅಣ್ಣನೊಬ್ಬರ ಪತ್ರಕ್ಕೆ ಉತ್ತರ

ಪ್ರಶ್ನೆ: ನಾವು ಬಳ್ಳಾರಿಯವರು. ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ಇದೆ. ನನ್ನ ತಂಗಿಗೆ 34 ವರ್ಷ. ಮಹಾನಗರ ಪಾಲಿಕೆಗೆ ಮೊದಲ ಸಲ ಗೆದ್ದಿದ್ದಾಳೆ. ನಾವು ಹಿಂದುಳಿದ ವರ್ಗದವರು. ಮುಂದಿನ ಸರದಿಯ ಮೇಯರ್ ಹುದ್ದೆಗೆ ಅವಳ ಹೆಸರು ಓಡಾಡುತ್ತಿದೆ. ಪಕ್ಷದ ಕೆಲವರು ಮನೆಗೆ ಬಂದು, "ಒಂದು ವರ್ಷ ಮೇಯರ್ ಮಾಡಿಸಿ. ಆಮೇಲೆ ನೇರವಾಗಿ ಎಂಪಿ ಟಿಕೆಟ್ ಕೇಳೋಣ. ದೆಹಲಿಗೆ ಹೋದ ದೊಡ್ಡವರೆಲ್ಲ ಹಿಂಗೇ ಶುರು ಮಾಡಿದ್ದು" ಅಂತಾರೆ. ನೆಹರೂ, ಪಟೇಲರ ಹೆಸರೂ ಹೇಳಿದರು. ಖರ್ಚಿಗೆ ಮೋಕಾ ರಸ್ತೆಯ ನಾಲ್ಕು ಎಕರೆ ಹೊಲ ಮಾರಬೇಕಾಗುತ್ತದೆ. ಅವ್ವ ಬೇಡ ಅಂತಾಳೆ. ಭಾವ ಬೇಕು ಅಂತಾರೆ. ಊರಿನ ಮೇಯರ್ ಒಬ್ಬರು ದೇಶದ ರಾಜಕಾರಣಿ ಆಗುವುದು ನಿಜಕ್ಕೂ ಆಗುವ ಮಾತಾ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಇದು ರಾಜಕೀಯದ ಪ್ರಶ್ನೆ ಅನ್ನಿಸಿತು. ಎರಡನೇ ಸಲ ನಾಲ್ಕು ಎಕರೆ ಹೊಲದ ಪ್ರಶ್ನೆ ಅನ್ನಿಸಿತು. ತಂಗಿಗೆ ಒಂದು ಅವಕಾಶ ಬಂದಿದೆ. ಬಿಟ್ಟರೆ ಅದು ಹೋಗುತ್ತೆ, ಹಿಡಿದರೆ ಹೊಲ ಹೋಗುತ್ತೆ. ಹೊಲ ಹೋದ ಮೇಲೂ ಟಿಕೆಟ್ ಬರದಿದ್ದರೆ ಅವ್ವನ ಮುಖ ಹೇಗೆ ನೋಡೋದು? ನಿಮ್ಮ ಚಿಂತೆ ಇದೇ ಅಲ್ವಾ?

ನಾನು ಮೂವತ್ತು ವರ್ಷ ಈ ಭಾಗದ ಪುರಸಭೆ, ನಗರಸಭೆಗಳಲ್ಲಿ ಕೆಲಸ ಮಾಡಿದವನು. ನಿವೃತ್ತಿಯ ನಂತರ ಹೊಸದಾಗಿ ಗೆದ್ದ ಸದಸ್ಯರಿಗೆ ತರಬೇತಿ ಕೊಡುತ್ತಾ ಬಂದಿದ್ದೇನೆ. ಇಂಥ ಮಾತು ಕೇಳಿಕೊಂಡು ಹೊಲ ಮಾರಿದವರನ್ನು ನೋಡಿದ್ದೇನೆ. ವಾರ್ಡಿನಿಂದ ಶುರು ಮಾಡಿ ನಿಜವಾಗಿ ಎತ್ತರಕ್ಕೆ ಹೋದವರನ್ನೂ ನೋಡಿದ್ದೇನೆ. ಹಾಗಾಗಿ ಸುಮ್ನೆ ಹೆದರಿಸೋದಿಲ್ಲ, ಸುಮ್ನೆ ಹುರಿದುಂಬಿಸೋದೂ ಇಲ್ಲ.

ಮೊದಲು ನಕ್ಷೆ ನೋಡೋಣ. ಮನೆಗೆ ಬಂದವರು ಈ ಮಾತು ಹೇಳಿದ ಹಾಗೆ ಕಾಣೋದಿಲ್ಲ. ಬಳ್ಳಾರಿ ಲೋಕಸಭಾ ಕ್ಷೇತ್ರ 2009ರ ಚುನಾವಣೆಯಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ನೀವು ಹಿಂದುಳಿದ ವರ್ಗದವರು. ಅಂದರೆ ಈಗಿನ ಮೀಸಲಾತಿ ಇರುವವರೆಗೆ ನಿಮ್ಮ ತಂಗಿ ಬಳ್ಳಾರಿಯಿಂದ ಲೋಕಸಭೆಗೆ ನಿಲ್ಲಲು ಕಾನೂನಿನಲ್ಲೇ ಅವಕಾಶ ಇಲ್ಲ. ಒಂದು ವರ್ಷ ಮೇಯರ್ ಆದರೂ ಅಷ್ಟೇ, ಹತ್ತು ವರ್ಷ ಆದರೂ ಅಷ್ಟೇ. ಪಕ್ಕದ ರಾಯಚೂರು ಕ್ಷೇತ್ರವೂ ಪರಿಶಿಷ್ಟ ಪಂಗಡಕ್ಕೇ ಮೀಸಲು. ಉಳಿದದ್ದು ಕೊಪ್ಪಳ. ಅದು ಸಾಮಾನ್ಯ ಕ್ಷೇತ್ರ. ಆದರೆ ಅಲ್ಲಿ ಬರುವುದು ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ರಾಯಚೂರು ಜಿಲ್ಲೆಯ ಸಿಂಧನೂರು ಮತ್ತು ಮಸ್ಕಿ. ನಮ್ಮ ಜಿಲ್ಲೆಯಿಂದ ಸಿರುಗುಪ್ಪ ಒಂದೇ. ಬಳ್ಳಾರಿ ನಗರದ ಒಂದೇ ಒಂದು ವೋಟೂ ಅಲ್ಲಿ ಬೀಳುವುದಿಲ್ಲ.

ಹಾಗಾದರೆ "ಒಂದು ವರ್ಷ ಮೇಯರ್, ಆಮೇಲೆ ಎಂಪಿ" ಅಂತ ಹೇಳಿದವರು ಯಾವ ಕ್ಷೇತ್ರದ ಬಗ್ಗೆ ಮಾತಾಡುತ್ತಿದ್ದರು? ಮುಂದಿನ ಸಲ ಬಂದಾಗ ಇದೊಂದೇ ಪ್ರಶ್ನೆ ಕೇಳಿ. ಉತ್ತರ ಬರುವವರೆಗೆ ಹೊಲದ ಪಹಣಿ ಪೆಟ್ಟಿಗೆಯಲ್ಲೇ ಇರಲಿ.

ಮುಂದೆ ಜನಗಣತಿ ಆಗಿ ಕ್ಷೇತ್ರ ಮರುವಿಂಗಡಣೆ ಆದಾಗ ಮೀಸಲಾತಿ ಬದಲಾಗಬಹುದು, ಗಡಿಗಳೂ ಬದಲಾಗಬಹುದು. 2023ರ ಸಂವಿಧಾನ ತಿದ್ದುಪಡಿ ಪ್ರಕಾರ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸೀಟು ಹೆಣ್ಣುಮಕ್ಕಳಿಗೆ ಮೀಸಲಾಗುತ್ತೆ. ಅದನ್ನೂ ಜನಗಣತಿ, ಮರುವಿಂಗಡಣೆಗೇ ಜೋಡಿಸಿದ್ದಾರೆ. ನಿಮ್ಮ ತಂಗಿಯಂಥವರಿಗೆ ಇದು ನಿಜವಾದ ಬಾಗಿಲು. ಆದರೆ ಅದು ಯಾವ ಊರಲ್ಲಿ, ಯಾವ ವರ್ಗಕ್ಕೆ ತೆರೆಯುತ್ತೆ ಅಂತ ಇವತ್ತು ಯಾರೂ ಹೇಳಲಾಗದು. ಗೊತ್ತಿಲ್ಲದ ಬಾಗಿಲಿಗೆ ಹೊಲ ಅಡ ಇಡಬಾರದು.

ಇನ್ನು ಅವರು ಹೇಳಿದ ದೊಡ್ಡ ಹೆಸರುಗಳು. ಹೆಸರು ಸುಳ್ಳಲ್ಲ. ವಲ್ಲಭಭಾಯಿ ಪಟೇಲರು 1917ರಲ್ಲಿ ಅಹಮದಾಬಾದ್ ಮುನಿಸಿಪಾಲಿಟಿಗೆ ಆರಿಸಿ ಬಂದರು, 1924ರಿಂದ 1928ರವರೆಗೆ ಅಧ್ಯಕ್ಷರಾಗಿದ್ದರು. ನೆಹರೂ 1923ರಲ್ಲಿ ಅಲಹಾಬಾದ್ ಮುನಿಸಿಪಾಲಿಟಿ ಅಧ್ಯಕ್ಷರಾದರು. ರಾಜೇಂದ್ರ ಪ್ರಸಾದ್ ಪಟ್ನಾದಲ್ಲಿ, ರಾಜಾಜಿ ಸೇಲಂನಲ್ಲಿ ಅಧ್ಯಕ್ಷರಾಗಿದ್ದರು, ಸುಭಾಷ್ ಚಂದ್ರ ಬೋಸ್ 1930ರಲ್ಲಿ ಕಲ್ಕತ್ತಾದ ಮೇಯರ್ ಆಗಿ ಕೂತಿದ್ದರು. ಆದರೆ ಇದರಲ್ಲಿ ಹೆಚ್ಚಿನವರು ಆ ಕುರ್ಚಿಗೆ ಬರುವ ಹೊತ್ತಿಗೇ ಸ್ವಾತಂತ್ರ್ಯ ಹೋರಾಟದಲ್ಲಿ ದೇಶಕ್ಕೆ ಗೊತ್ತಿದ್ದವರು. ಚಳವಳಿ ಅವರನ್ನು ಮುನಿಸಿಪಾಲಿಟಿಗೆ ಕರೆತಂದಿತು. ಮುನಿಸಿಪಾಲಿಟಿ ಅವರನ್ನು ದೆಹಲಿಗೆ ಕಳಿಸಿದ್ದಲ್ಲ. ಪಟೇಲರದ್ದು ಸ್ವಲ್ಪ ಬೇರೆ. ಅವರು ಪ್ಲೇಗಿನ ಕಾಲದಲ್ಲಿ, ಮುಂದೆ 1927ರ ಪ್ರವಾಹದಲ್ಲಿ ಮಾಡಿದ ಕೆಲಸ ಜನರ ಮನಸ್ಸಿನಲ್ಲಿ ಉಳಿಯಿತು. ಅಲ್ಲೂ ಉಳಿದದ್ದು ಕೆಲಸ.

ಈ ಕಾಲದ ಉದಾಹರಣೆ ಬೇಕಾದರೆ ಪುಣೆಯ ಮುರಳೀಧರ ಮೊಹೋಳ್ ಇದ್ದಾರೆ. 2019ರಲ್ಲಿ ಮೇಯರ್ ಆದರು. 2024ರಲ್ಲಿ ಸಂಸದರಾದರು, ಆ ಜೂನ್‌ನಲ್ಲೇ ಕೇಂದ್ರದಲ್ಲಿ ನಾಗರಿಕ ವಿಮಾನಯಾನ ಮತ್ತು ಸಹಕಾರ ಖಾತೆಯ ರಾಜ್ಯ ಸಚಿವರಾದರು. ಐದೇ ವರ್ಷ! ಮನೆಗೆ ಬಂದವರು ಈ ಹೆಸರು ಹೇಳಿದ್ದರೆ ನೀವು ಇನ್ನೂ ಬೇಗ ಒಪ್ಪುತ್ತಿದ್ದಿರೇನೋ. ಆದರೆ ಪುಣೆ ಲೋಕಸಭಾ ಕ್ಷೇತ್ರದ ಆರು ವಿಧಾನಸಭಾ ಭಾಗಗಳೂ ಪುಣೆ ನಗರದ ಒಳಗೇ ಇವೆ. ಕಸಬಾ, ಕೋಥ್ರೂಡ್, ಶಿವಾಜಿನಗರ, ಪರ್ವತಿ ಎಲ್ಲವೂ ಊರೊಳಗೆ. ಅಲ್ಲಿ ಮೇಯರ್‌ನ ನೋಡಿದ ಜನವೇ ಎಂಪಿಗೆ ವೋಟು ಹಾಕುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ 18 ಲಕ್ಷಕ್ಕೂ ಜಾಸ್ತಿ ಮತದಾರರು. ಎಂಟು ವಿಧಾನಸಭಾ ಭಾಗ. ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವವನಿಗೆ ಬಳ್ಳಾರಿಯ ಮೇಯರ್ ಯಾರು ಅಂತ ಯಾಕೆ ಗೊತ್ತಿರಬೇಕು? ಕೂಡ್ಲಿಗಿಯಲ್ಲಿ ಶೇಂಗಾ ಬಿತ್ತಿ ಮಳೆ ಕಾಯುವವಳಿಗೆ, ಸಂಡೂರಿನಲ್ಲಿ ಅದಿರಿನ ಧೂಳು ಕುಡಿಯುವವರಿಗೆ, ಕಂಪ್ಲಿಯ ಭತ್ತದ ರೈತರಿಗೆ ನಮ್ಮ ರಾಯಲ್ ಸರ್ಕಲ್ಲಿನ ರಸ್ತೆ ಡಾಂಬರಾದರೆ ಏನು ಬಂತು? 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯಿತು. ಲೋಕಸಭೆಗೆ ಮಾತ್ರ ಹೊಸಪೇಟೆಯವರೂ ನಾವೂ ಇನ್ನೂ ಒಂದೇ ಕ್ಷೇತ್ರ.

ಊರೊಳಗೂ ನಕ್ಷೆ ಸರಳ ಇಲ್ಲ. ನಿಮ್ಮ ಕೌಲ್ ಬಜಾರ್ ಸುತ್ತಿನ ವಾರ್ಡುಗಳು ಪಾಲಿಕೆಗೆ ಸೇರಿದ್ದರೂ ವಿಧಾನಸಭೆಗೆ ಬಳ್ಳಾರಿ ಗ್ರಾಮೀಣ ಕ್ಷೇತ್ರಕ್ಕೆ ಹೋಗುತ್ತವೆ. ಅದು ಪರಿಶಿಷ್ಟ ಪಂಗಡಕ್ಕೆ ಮೀಸಲು. ಸಾಮಾನ್ಯ ಕ್ಷೇತ್ರ ಇರುವುದು ಬಳ್ಳಾರಿ ನಗರ. ರಾಜ್ಯದ ಯಾವುದೇ ಕ್ಷೇತ್ರದಲ್ಲಿ ಮತದಾರಳಾಗಿದ್ದರೆ ವಿಧಾನಸಭೆಗೆ ಬಳ್ಳಾರಿ ನಗರದಿಂದ ನಿಲ್ಲಬಹುದು, ಕಾನೂನು ಅಡ್ಡಿ ಇಲ್ಲ. ಆದರೆ ತಂಗಿಯ ವಾರ್ಡು ಕೌಲ್ ಬಜಾರ್ ಭಾಗದ್ದೇ ಆಗಿದ್ದರೆ, ಅವಳಿಗೆ ವೋಟು ಹಾಕಿ ಗೆಲ್ಲಿಸಿದ ಜನ ಅಲ್ಲಿ ಅವಳಿಗೆ ವೋಟು ಹಾಕಲು ಆಗುವುದಿಲ್ಲ. ಇದನ್ನು ಕೂತು ನೋಡಿದ್ದೀರಾ?

ಈಗ ಮೇಯರ್ ಹುದ್ದೆಯ ವಿಷಯ. ಜನ ತಿಳಿದುಕೊಂಡಷ್ಟು ಅಧಿಕಾರ ಅದರಲ್ಲಿ ಇಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ ಆಡಳಿತದ ಕೈ ಇರುವುದು ಆಯುಕ್ತರಿಗೆ. ಮೇಯರ್ ಸಾಮಾನ್ಯ ಸಭೆ ನಡೆಸುತ್ತಾರೆ, ಊರಿನ ಮುಖವಾಗಿರುತ್ತಾರೆ. ಚೆಕ್ಕಿಗೆ ಸಹಿ ಅವರದ್ದಲ್ಲ. ನಮ್ಮಂಥ ಪಾಲಿಕೆಗಳಲ್ಲಿ ಅವಧಿ ಒಂದೇ ವರ್ಷ. ಜನ ನೇರವಾಗಿ ಆರಿಸುವುದಿಲ್ಲ. 39 ಸದಸ್ಯರು, ಜೊತೆಗೆ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರು ಕೂಡಿ ಕೈ ಎತ್ತುತ್ತಾರೆ. ಹುದ್ದೆ ಯಾವ ವರ್ಗಕ್ಕೆ ಅನ್ನುವುದು ಸರ್ಕಾರದ ಮೀಸಲಾತಿ ಸರದಿಯಲ್ಲಿ ತೀರ್ಮಾನ ಆಗುತ್ತೆ.

ಒಂದು ವರ್ಷ ಅಂದರೆ ಎಷ್ಟು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಎರಡು ತಿಂಗಳು ಹಾರ, ಶಾಲು, ಸನ್ಮಾನ. ಮೂರನೇ ತಿಂಗಳು ಕಡತ ಅರ್ಥ ಆಗಲು ಶುರು. ಐದನೇ ತಿಂಗಳು ಒಂದು ಯೋಜನೆ ಹಿಡಿದರೆ ಅಂದಾಜು ಪಟ್ಟಿ, ಟೆಂಡರ್ ಅಂತ ಮೂರು ತಿಂಗಳು. ನಡುವೆ ಯಾವುದೋ ಚುನಾವಣೆಯ ನೀತಿ ಸಂಹಿತೆ ಬಂದರೆ ಕೆಲಸ ನಿಂತೇ ಹೋಯಿತು. ಒಂಬತ್ತನೇ ತಿಂಗಳಿಗೆ ಮುಂದಿನ ಮೇಯರ್ ಯಾರು ಅನ್ನುವ ಮಾತು ಕಾರಿಡಾರಿನಲ್ಲಿ ಕೇಳಿಸುತ್ತೆ. ಆಗ ಅಧಿಕಾರಿಗಳೂ ನಿಧಾನ ಆಗುತ್ತಾರೆ.

ಬೇರೆ ಕಡೆ ಮೇಯರ್‌ಗಳು ಬೆಳೆದದ್ದಕ್ಕೆ ಕಾರಣ ಇಲ್ಲೇ ಸಿಗುತ್ತೆ. ಎಂ.ಕೆ. ಸ್ಟಾಲಿನ್ 1996ರಲ್ಲಿ ಚೆನ್ನೈ ಮೇಯರ್ ಆದದ್ದು ಜನರ ನೇರ ಮತದಿಂದ. ಐದು ವರ್ಷ ಸಿಕ್ಕಿತು, 2001ರಲ್ಲಿ ಮತ್ತೆ ಗೆದ್ದರು. ಎರಡು ಹುದ್ದೆ ಒಬ್ಬರಿಗೆ ಬೇಡ ಅನ್ನುವ ಕಾನೂನು ಬಂದ ಮೇಲೆ 2002ರಲ್ಲಿ ಮೇಯರ್ ಹುದ್ದೆ ಬಿಟ್ಟರು. ಮುಖ್ಯಮಂತ್ರಿ ಆದದ್ದು 2021ರಲ್ಲಿ. ಕರುಣಾನಿಧಿಯವರ ಮಗ ಆಗಿದ್ದೂ ಇಪ್ಪತ್ತೈದು ವರ್ಷ ಬೇಕಾಯಿತು. ಲಖನೌದ ದಿನೇಶ್ ಶರ್ಮಾ 2006ರಿಂದ 2017ರವರೆಗೆ ಜನರಿಂದ ಆಯ್ಕೆಯಾದ ಮೇಯರ್. ಆಮೇಲೆ ಉತ್ತರ ಪ್ರದೇಶದ ಉಪ ಮುಖ್ಯಮಂತ್ರಿ, 2023ರಲ್ಲಿ ರಾಜ್ಯಸಭೆ. ಫ್ರಾನ್ಸಿನ ಜಾಕ್ ಶಿರಾಕ್ 1995ರಲ್ಲಿ ಅಧ್ಯಕ್ಷರಾಗುವ ಮೊದಲು 18 ವರ್ಷ ಪ್ಯಾರಿಸ್ ಮೇಯರ್. ಇವರಿಗೆಲ್ಲ ಊರಿನಲ್ಲಿ ಬೇರು ಬಿಡಲು ಸಮಯ ಇತ್ತು.

ನನಗೆ ತುಂಬಾ ಇಷ್ಟವಾದ ಕಥೆ ಇಂಡೋನೇಷ್ಯಾದ ಜೋಕೊ ವಿಡೊಡೊ ಅವರದು. ಸೋಲೋ ಅನ್ನುವ ಮಧ್ಯಮ ಗಾತ್ರದ ಊರಿನಲ್ಲಿ ಪೀಠೋಪಕರಣದ ವ್ಯಾಪಾರ ಮಾಡಿಕೊಂಡಿದ್ದವರು. ಮನೆತನದ ರಾಜಕೀಯ ಇಲ್ಲ. 2005ರಲ್ಲಿ ಆ ದೇಶದಲ್ಲಿ ಮೇಯರ್‌ಗಳ ನೇರ ಚುನಾವಣೆ ಶುರುವಾಯಿತು, ಆ ಮೊದಲ ತಂಡದಲ್ಲೇ ಗೆದ್ದರು. ಊರಿನ ಒಂದು ಉದ್ಯಾನದ ಸುತ್ತ ನೂರಾರು ಬೀದಿ ವ್ಯಾಪಾರಿಗಳು ಕೂತಿದ್ದರು. ಎಬ್ಬಿಸಲು ಹೋದರೆ ಗಲಾಟೆ ಗ್ಯಾರಂಟಿ. ಅವರು ಪೊಲೀಸರನ್ನು ಕಳಿಸಲಿಲ್ಲ. ವ್ಯಾಪಾರಿಗಳನ್ನು ಊಟಕ್ಕೆ ಕರೆದರು. ಒಂದು ಸಲ ಅಲ್ಲ, 50ಕ್ಕೂ ಹೆಚ್ಚು ಸಲ. ಮೊದಮೊದಲು ಜಾಗದ ಮಾತೇ ಎತ್ತಲಿಲ್ಲವಂತೆ. ಕೊನೆಗೆ ವ್ಯಾಪಾರಿಗಳೇ ಮೆರವಣಿಗೆಯಲ್ಲಿ ಹೊಸ ಮಾರುಕಟ್ಟೆಗೆ ಹೋದರು. 2010ರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮತ ಪಡೆದು ಮತ್ತೆ ಮೇಯರ್ ಆದರು. 2012ರಲ್ಲಿ ಜಕಾರ್ತದ ಗವರ್ನರ್, 2014ರಲ್ಲಿ ದೇಶದ ಅಧ್ಯಕ್ಷ. ನಮ್ಮೂರಿನಲ್ಲಿ ಬೀದಿ ಬದಿ ಮಿರ್ಚಿ, ಮಂಡಕ್ಕಿ ಗಾಡಿಯವರನ್ನು ಎಬ್ಬಿಸುವ ದಿನ ಏನಾಗುತ್ತೆ ಅಂತ ನೀವು ನೋಡಿರುತ್ತೀರಿ. ಅದನ್ನು ನೆನೆಸಿಕೊಂಡು ಈ ಕಥೆ ಓದಿ.

ನಮ್ಮ ರಾಜ್ಯದಲ್ಲಿ ವಾರ್ಡಿನಿಂದ ದೆಹಲಿಗೆ ಹೋದವರು ಇಲ್ಲವೇ? ಇದ್ದಾರೆ. ಬಿ.ಎಸ್. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆ ಸದಸ್ಯ. 1983ರಲ್ಲಿ ಶಾಸಕ. ಮುಖ್ಯಮಂತ್ರಿಯಾಗಿ, ಇಳಿದು, 2014ರಲ್ಲಿ ಶಿವಮೊಗ್ಗದ ಸಂಸದ. ವಿ. ಸೋಮಣ್ಣ 1983ರಲ್ಲಿ ಬೆಂಗಳೂರಿನ ಕಾರ್ಪೊರೇಟರ್. 2023ರಲ್ಲಿ ವರುಣಾ, ಚಾಮರಾಜನಗರ ಎರಡೂ ಕಡೆ ಸೋತರು. ಮರು ವರ್ಷ ತುಮಕೂರಿನಿಂದ ಗೆದ್ದು ಕೇಂದ್ರದಲ್ಲಿ ರೈಲ್ವೆ ಮತ್ತು ಜಲಶಕ್ತಿ ರಾಜ್ಯ ಸಚಿವರಾದರು. ಕಾರ್ಪೊರೇಷನ್ನಿನಿಂದ ಕೇಂದ್ರಕ್ಕೆ 41 ವರ್ಷ. ನಮ್ಮ ಬಳ್ಳಾರಿಯ ಬಿ. ಶ್ರೀರಾಮುಲು ಕೂಡ ನಗರಸಭೆ ಸದಸ್ಯರಾಗಿ ಶುರು ಮಾಡಿದವರೇ. 2004ರಲ್ಲಿ ಶಾಸಕ, 2014ರಲ್ಲಿ ಸಂಸದ. ಈ ಮೂವರ ದಾರಿಯಲ್ಲೂ ಮೇಯರ್ ಕುರ್ಚಿ ಇಲ್ಲ. ವಾರ್ಡು ಇದೆ, ನಡುವೆ ವಿಧಾನಸಭೆ ಇದೆ, ತುಂಬಾ ವರ್ಷ ಇದೆ.

ಈಗಿನ ಸಂಸದರನ್ನೇ ನೋಡಿ. 2024ರಲ್ಲಿ ಬಳ್ಳಾರಿಯಿಂದ ಗೆದ್ದ ಇ. ತುಕಾರಾಂ ಸಂಡೂರಿನ ಶಾಸಕರಾಗಿದ್ದವರು. ರಾಯಚೂರಿನ ಜಿ. ಕುಮಾರ ನಾಯಕ ಐಎಎಸ್ ಅಧಿಕಾರಿಯಾಗಿದ್ದವರು. ಕೊಪ್ಪಳದ ರಾಜಶೇಖರ ಹಿಟ್ನಾಳರ ತಂದೆಯೂ ಶಾಸಕರಾಗಿದ್ದರು, ಅಣ್ಣತಮ್ಮಂದಿರಲ್ಲಿ ಒಬ್ಬರು ಈಗ ಕೊಪ್ಪಳದ ಶಾಸಕರು. ಶಾಸಕತ್ವ, ಅಧಿಕಾರಿಯ ಅನುಭವ, ಮನೆತನ. ಮೂರರಲ್ಲಿ ಒಂದೂ ಇಲ್ಲದವರಿಗೆ ದಾರಿ ಮುಚ್ಚಿದೆ ಅಂತ ನಾನು ಹೇಳೋದಿಲ್ಲ. ಉದ್ದ ಇದೆ ಅಂತ ಹೇಳುತ್ತೇನೆ.

ಹಾಗಾದರೆ ಮೇಯರ್ ಆಗುವುದೇ ಬೇಡವಾ? ಬೇಡ ಅಂದಿಲ್ಲ. ಯಾಕೆ ಆಗಬೇಕು ಅನ್ನುವುದು ಸರಿಯಾಗಿರಲಿ.

ತರಬೇತಿಯ ಮೊದಲ ದಿನ ನಾನು ಹೊಸ ಸದಸ್ಯರಿಗೆ ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ವಾರ್ಡಿನ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ? ಹೆಚ್ಚಿನವರು ಮೇಲ್ತೊಟ್ಟಿಯ ಹೆಸರು ಹೇಳಿ ನಿಲ್ಲುತ್ತಾರೆ. ನಿಮ್ಮೂರಿನದೇ ತಗೊಳ್ಳಿ. ನಲ್ಲಿಯಿಂದ ಹಿಂದಕ್ಕೆ ಹೋಗಿ. ತೊಟ್ಟಿ. ಶುದ್ಧೀಕರಣ ಘಟಕ. ಅದರ ಹಿಂದೆ ಅಲ್ಲೀಪುರದ ಕೆರೆ. ಕೆರೆ ತುಂಬುವುದು ತುಂಗಭದ್ರಾ ಕಾಲುವೆಯಿಂದ. ಅದೇ ಕಾಲುವೆಗೆ ರೈತರೂ ಕಾಯುತ್ತಿರುತ್ತಾರೆ. ಕಾಲುವೆಯ ಹಿಂದೆ ಜಲಾಶಯ. 133 ಟಿಎಂಸಿ ಇದ್ದ ಜಾಗದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟು ಕೊಚ್ಚಿ ಹೋದಾಗ ನಾವೆಲ್ಲ ನಿದ್ದೆಗೆಟ್ಟಿದ್ದೆವು. ಆ ಗೇಟಿನ ಹೊಣೆ ತುಂಗಭದ್ರಾ ಮಂಡಳಿಯದು. ಮಂಡಳಿಯಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯ ಇವೆ, ಕೇಂದ್ರವೂ ಇದೆ. ಕೊಪ್ಪಳದ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುವ ಮಾತು ಮುಂದೆ ಹೋಗಬೇಕಾದರೂ ಮೂರು ರಾಜ್ಯ ಒಪ್ಪಬೇಕು.

ನೋಡಿ, ನಿಮ್ಮ ಬೀದಿಯ ಪೈಪು ಹಿಡಿದುಕೊಂಡು ಹೋದರೆ ದೆಹಲಿ ಮುಟ್ಟುತ್ತೇವೆ. ನನ್ನ ಪ್ರಕಾರ ಊರಿನ ಪ್ರತಿನಿಧಿ ದೇಶದ ರಾಜಕಾರಣಿ ಆಗುವ ದಾರಿ ಇದು. ಸುಧಾ ಕ್ರಾಸಿನ ರೈಲ್ವೆ ಗೇಟಿನಲ್ಲಿ ನಿಂತು ಬೆವರುವವರಿಗೆ ಮೇಯರ್ ಏನೂ ಮಾಡಲಾರರು, ಹಳಿ ಕೇಂದ್ರದ್ದು. ಗಣಿಯಿಂದ ಬರುವ ಜಿಲ್ಲಾ ಖನಿಜ ನಿಧಿ ಪಾಲಿಕೆಯ ಕೈಯಲ್ಲಿಲ್ಲ. ಕಲ್ಯಾಣ ಕರ್ನಾಟಕ ಮಂಡಳಿಯ ಹಣ ಕಲಬುರಗಿಯಿಂದ ಬರುತ್ತೆ, ಅದರ ಹಿಂದೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಇದೆ. ಇವುಗಳಲ್ಲಿ ಒಂದನ್ನಾದರೂ ತಳದಿಂದ ತುದಿವರೆಗೆ ಕಲಿತ ಕಾರ್ಪೊರೇಟರ್‌ಗೆ ಹಡಗಲಿಯಲ್ಲೂ ಮಾತಾಡಲು ವಿಷಯ ಇರುತ್ತೆ, ಸಿಂಧನೂರಿನಲ್ಲೂ ಇರುತ್ತೆ.

ಈ ಭಾಗದ ಒಂದು ನಗರಸಭೆಯಲ್ಲಿ ಒಬ್ಬ ಸದಸ್ಯೆ ಇದ್ದರು. ಏಳನೇ ಕ್ಲಾಸಿನವರೆಗೆ ಓದಿದವರು. ಅವರ ಚೀಲದಲ್ಲಿ ಯಾವಾಗಲೂ ಇನ್ನೂರು ಪುಟದ ಒಂದು ಉದ್ದ ನೋಟ್ ಬುಕ್. ವಾರ್ಡಿನ ಯಾವ ಓಣಿಗೆ ಯಾವ ದಿನ, ಎಷ್ಟು ಗಂಟೆಗೆ ನೀರು ಬಂತು, ಎಷ್ಟು ಹೊತ್ತು ಬಂತು, ವಾಲ್ವ್ ತಿರುಗಿಸಿದ್ದು ಯಾರು, ಎಲ್ಲ ಬರೆದಿರುತ್ತಿದ್ದರು. ಬಂದ ದಿನ ನೀಲಿ ಪೆನ್ನು, ಬಾರದ ದಿನ ಕೆಂಪು ಪೆನ್ನು. ಒಂದು ಬೇಸಿಗೆಯ ಸಭೆಯಲ್ಲಿ ಎಂಜಿನಿಯರ್ ಎದ್ದು ನಿಂತು "ಎಲ್ಲ ಕಡೆ ಐದು ದಿನಕ್ಕೊಮ್ಮೆ ಕೊಡುತ್ತಿದ್ದೇವೆ" ಅಂದರು. ಈಕೆ ಜಗಳ ಮಾಡಲಿಲ್ಲ. ನೋಟ್ ಬುಕ್ ತೆಗೆದು ಮೇಜಿನ ಮೇಲೆ ತೆರೆದಿಟ್ಟರು. ಎರಡು ಪುಟ ಪೂರ್ತಿ ಕೆಂಪು. ಸಭೆ ಹತ್ತು ನಿಮಿಷ ಸುಮ್ಮನಾಯಿತು. ಆಮೇಲೆ ಬೇರೆ ವಾರ್ಡಿನವರೂ ಆಕೆಯ ಹತ್ತಿರ ಬಂದು ಲೆಕ್ಕ ಇಡುವುದು ಹೇಗೆ ಅಂತ ಕೇಳತೊಡಗಿದರು. ಆಕೆ ಅಧ್ಯಕ್ಷೆ ಆಗಲೇ ಇಲ್ಲ. ಮುಂದಿನ ಸಲ ವಾರ್ಡಿನ ಮೀಸಲಾತಿ ಬದಲಾಯಿತು. ಪಕ್ಕದ ವಾರ್ಡಿಗೆ ಹೋಗಿ ನಿಂತರು, ಗೆದ್ದರು. ಆ ಕೆಂಪು ಪುಟಗಳನ್ನು ನಾನು ಈಗಲೂ ತರಬೇತಿಯಲ್ಲಿ ನೆನೆಯುತ್ತೇನೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮೇಯರ್ ಹುದ್ದೆ ತಂಗಿಯ ವರ್ಗಕ್ಕೆ ಬಂದರೆ, ಸದಸ್ಯರು ಕೈ ಎತ್ತಲು ದುಡ್ಡು ಕೇಳದಿದ್ದರೆ, ಆಗಲಿ. ಒಂದು ವರ್ಷಕ್ಕೆ ಒಂದೇ ಕೆಲಸ ಹಿಡಿಯಲಿ. ಮತಕ್ಕೆ ದುಡ್ಡು ಕೊಡಬೇಕು ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಅದು ಅಪರಾಧ. ಕೊಟ್ಟವರು ಅದನ್ನು ವಾಪಸ್ ಪಡೆಯಲು ಕಾಮಗಾರಿಗೆ ಕೈ ಹಾಕುತ್ತಾರೆ. ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಹಿಂದಿನ ಬಾಗಿಲಿನಿಂದಲೋ ಪಾಲು ಇದ್ದರೆ ಸದಸ್ಯತ್ವವೇ ಹೋಗುತ್ತೆ. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ, ಮೀರಿದರೂ ಹೋಗುತ್ತೆ, 1987ರಿಂದ ನಮ್ಮಲ್ಲಿ ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಮೇಯರ್ ಆದ ವರ್ಷದ ತಪ್ಪುಗಳು ಆಡಿಟ್ ಆಕ್ಷೇಪಣೆಯಾಗಿ ಹಲವು ವರ್ಷ ಬೆನ್ನು ಹತ್ತುತ್ತವೆ. ಸಹಿ ಮಾಡಿದ್ದು ಬೇರೆಯವರಾದರೂ ಹೆಸರು ಇವರದೇ ಬರುತ್ತೆ.

ನನ್ನ ಮನಸ್ಸು ಜಾಸ್ತಿ ಹೋಗುವುದು ಸ್ಥಾಯಿ ಸಮಿತಿಯ ಕಡೆ. ಪಾಲಿಕೆಯಲ್ಲಿ ನಾಲ್ಕು ಇವೆ. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಮೊದಲ ಸಲ ಗೆದ್ದವರಿಗೆ ಹಣಕಾಸು ಅಥವಾ ಲೆಕ್ಕಪತ್ರ ಸಮಿತಿ ಸಿಕ್ಕರೆ ಅದಕ್ಕಿಂತ ಒಳ್ಳೆ ಶಾಲೆ ಇಲ್ಲ. ಹಾರ ತುರಾಯಿ ಕಡಿಮೆ. ಆದರೆ ಊರಿನ ದುಡ್ಡು ಎಲ್ಲಿಂದ ಬಂದು ಎಲ್ಲಿ ಹೋಗುತ್ತೆ ಅನ್ನುವುದು ಕೈಗೆ ಸಿಗುತ್ತೆ. ಇದರ ಅಪಾಯ ಒಂದೇ, ಪಕ್ಷದವರಿಗೆ ಲೆಕ್ಕ ಕೇಳುವ ಸದಸ್ಯೆ ಬೇಗ ಇಷ್ಟ ಆಗೋದಿಲ್ಲ.

ಅದರ ನಂತರ 2028ರ ವಿಧಾನಸಭೆ. ಬಳ್ಳಾರಿ ನಗರ ಸಾಮಾನ್ಯ ಕ್ಷೇತ್ರ, ಹಾಗಾಗಿ ಪೈಪೋಟಿ ಜೋರು, ದುಡ್ಡಿರುವವರ ಸಾಲೂ ಉದ್ದ. ಟಿಕೆಟ್ ಸಿಗುವ ಸಾಧ್ಯತೆ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಇನ್ನೊಂದು ದಾರಿ ಜನ ಮರೆಯುತ್ತಾರೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರದವು. ಅಲ್ಲಿ ಮತ ಹಾಕುವವರು ಗ್ರಾಮ ಪಂಚಾಯಿತಿ ಸದಸ್ಯರು, ನಗರಸಭೆ, ಪಾಲಿಕೆ ಸದಸ್ಯರು. 30 ವರ್ಷ ತುಂಬಿರಬೇಕು, ತಂಗಿಗೆ ತುಂಬಿದೆ. ಹಳ್ಳಿಯ ಪಂಚಾಯಿತಿ ಸದಸ್ಯರ ಜೊತೆ ನೀರಿನ ವಿಷಯಕ್ಕೆ ಈಗಿಂದಲೇ ಓಡಾಡಿದರೆ ಅದು ಅಲ್ಲಿ ಕೆಲಸಕ್ಕೆ ಬರುತ್ತೆ. ಆದರೆ ಅಲ್ಲೂ ದುಡ್ಡಿನ ಆಟ ಇದೆ, ಮುಚ್ಚಿಡೋದಿಲ್ಲ.

ದುಡ್ಡಿನ ಮಾತಿಗೇ ಬರೋಣ. ಲೋಕಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಠೇವಣಿ 25 ಸಾವಿರ ಮತ್ತು 10 ಸಾವಿರ, ಪರಿಶಿಷ್ಟರಿಗೆ ಅರ್ಧ. ಚಲಾವಣೆಯಾದ ಮತದಲ್ಲಿ ಆರರಲ್ಲಿ ಒಂದು ಪಾಲು ಬಾರದಿದ್ದರೆ ಠೇವಣಿ ಹೋಯಿತು. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು, ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು. ಇದು ಕಾಗದದ ಲೆಕ್ಕ. ನಿಮ್ಮ ಮನೆಗೆ ಬಂದವರು ಹೇಳುವ ಖರ್ಚು ಇದರಲ್ಲಿ ಯಾವ ಸಾಲಿಗೆ ಬರುತ್ತೆ ಅಂತ ಬರೆದು ಕೊಡಲು ಹೇಳಿ. ಬರೆದು ಕೊಡಲಾಗದ ಖರ್ಚಿಗೆ ಹೊಲ ಮಾರಬೇಡಿ. ನಾನು ನೋಡಿದ ಮಟ್ಟಿಗೆ, ಹೊಲ ಮಾರಿ ಬಂದವರು ಗೆದ್ದರೂ ಐದು ವರ್ಷ ಆ ಹೊಲವನ್ನೇ ಹುಡುಕುತ್ತಿರುತ್ತಾರೆ. ನಿಮ್ಮ ಅವ್ವ ಹೇಳುತ್ತಿರುವುದು ಸರಿ ಇದೆ.

ಕೊನೆಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಪಕ್ಷದವರ ಮಾತಿದೆ, ಭಾವನ ಮಾತಿದೆ, ಅವ್ವನ ಮಾತಿದೆ. ತಂಗಿಯ ಮಾತು ಒಂದೂ ಇಲ್ಲ. ನಮ್ಮ ಪಾಲಿಕೆ, ನಗರಸಭೆಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳದು. ಆದರೂ ಎಷ್ಟೋ ಕಡೆ ಅವರ ಫೋನು ಗಂಡನ ಜೇಬಿನಲ್ಲಿರುತ್ತೆ. ಆಯುಕ್ತರು ಕರೆ ಮಾಡಿದರೆ "ಮೇಡಂ ಕಡೆಯಿಂದ ನಾನು ಮಾತಾಡ್ತಿದೀನಿ" ಅಂತ ಗಂಡಸಿನ ದನಿ ಬರುತ್ತೆ. ಹಾಗೆ ನಡೆದವರು ಒಂದು ಅವಧಿಗಿಂತ ಮುಂದೆ ಹೋದದ್ದನ್ನು ನಾನು ಕಂಡಿಲ್ಲ. ನಿಮ್ಮೂರಲ್ಲೇ 2023ರ ಮಾರ್ಚ್‌ನಲ್ಲಿ 23 ವರ್ಷದ ಡಿ. ತ್ರಿವೇಣಿ ಮೇಯರ್ ಆದರು. ವಯಸ್ಸು, ಅನುಭವ ಅಡ್ಡ ಬರುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇವತ್ತು ರಾತ್ರಿ ಊಟ ಆದ ಮೇಲೆ ಭಾವ, ನೀವು, ಅವ್ವ ಮೂವರೂ ಸುಮ್ಮನೆ ಕೂತು ಅವಳನ್ನು ಕೇಳಿ. ಮೇಯರ್ ಆಗಲು ಇಷ್ಟವಾ, ಯಾವ ಕೆಲಸ ಮಾಡಬೇಕು ಅಂತಿದ್ದಾಳೆ, ವಾರ್ಡಿನ ನೀರು ಎಲ್ಲಿಂದ ಬರುತ್ತೆ ಅಂತ ಗೊತ್ತಾ. ನಡುವೆ ಯಾರೂ ಮಾತಾಡಬೇಡಿ. ಆಮೇಲೂ ಪ್ರಶ್ನೆ ಉಳಿದರೆ ಮತ್ತೆ ಬರೆಯಿರಿ, ಖಂಡಿತ ಉತ್ತರಿಸುತ್ತೇನೆ. ಆ ಪತ್ರವನ್ನು ಅವಳೇ ಬರೆಯಲಿ.